ತೊಂಬತ್ತನಾಲ್ಕನೇ ನಂಬರಿನ ಅಂಗಿ

ನೆಬ್ರಾಸ್ಕಾದಲ್ಲಿ ಶನಿವಾರ ಬೆಳಿಗ್ಗೆ, ಕಾಲೇಜು ಫುಟ್‌ಬಾಲ್ ಪಂದ್ಯಕ್ಕೆ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಓಡುವವನನ್ನು ಕೆಡವುವ ಅಮೆರಿಕದ ಆಟ) ಮುಂಚೆ, ಬೀನ್ಸ್ ಸಾರು ಮತ್ತು ದಾಲ್ಚಿನ್ನಿ ಬನ್ನು ಕೊಳ್ಳುವ ಸಾಲಿನಲ್ಲಿ ಜೋಲೀನ್ ನಿಂತಿದ್ದಳು. ಮುಂದಿದ್ದ ಇಬ್ಬರ ಮಾತು ಕಿವಿಗೆ ಬಿದ್ದದ್ದೇ ಕೋಟಿನ ಜಿಪ್ಪನ್ನು ಗಂಟಲವರೆಗೆ ಎಳೆದುಕೊಂಡಳು. ಒಳಗಿದ್ದದ್ದು ಅವಳ ಮಗನ ಆಟದ ಅಂಗಿ, ನಂಬರು ತೊಂಬತ್ತನಾಲ್ಕು. ಅಭಿಮಾನಿಗಳ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ ಎಂದು ಮಗನಿಗೆ ಮಾತು ಕೊಟ್ಟಿದ್ದಳು.

“ಆ ತೊಂಬತ್ನಾಲ್ಕನ್ನ ಹೊರಗೆ ಕೂರಿಸ್ಬೇಕು ಕಣೋ ವರ್ಲಿನ್. ಹೋದ ವಾರ ಒಬ್ಬನ್ನೂ ಕೆಡವ್ಲಿಲ್ಲ.”

“ಆ ಕಡೆ ತಂಡದೋರು ಚೆಂಡು ಹಿಡ್ಕೊಂಡು ಮೈದಾನದ ಮಧ್ಯೆ ಎಷ್ಟು ದೂರ ಓಡಿದ್ರು, ಅದನ್ನ ಹೇಳು ಲೋವೆಲ್.”

“ಎಲ್ಲಿ ಓಡಿದ್ರು? ಹಿಂದಿದ್ದ ನಮ್ಮ ಹುಡುಗ್ರು ನುಗ್ಗಿ ನುಗ್ಗಿ ಕೆಡವಿದ್ರಲ್ಲ.”

“ಆ ಹುಡುಗ್ರನ್ನ ಯಾರೂ ತಡೀಲಿಲ್ಲ ಯಾಕೆ?”

“ಯಾಕೆ?”

“ಆ ಕಡೆ ತಡಿಯೋರಿಬ್ರೂ ಈ ತೊಂಬತ್ನಾಲ್ಕರ ಮೇಲೇ ಬಿದ್ದಿದ್ರು. ಇಬ್ರನ್ನೂ ಎದೆ ಕೊಟ್ಟು ಹಿಡ್ಕೊಂಡಿದ್ದ, ಪುಣ್ಯಾತ್ಮ.”

“ಅದೆಲ್ಲ ಟೀವೀಲಿ ಕಾಣಲ್ಲಪ್ಪ.”

“ಟೀವಿ ಚೆಂಡಿನ ಹಿಂದೆ ಓಡುತ್ತೆ, ನೀನು ಟೀವಿ ಹಿಂದೆ. ಇವತ್ತು ಚೆಂಡು ಬಿಟ್ಟು ಅವನನ್ನೇ ನೋಡು.”

ಲೋವೆಲ್ ತಲೆ ಕೆರೆದುಕೊಂಡ. “ಸರಿ ಮಾರಾಯ, ನೋಡ್ತೀನಿ. ಇಬ್ರನ್ನ ತಡಿಯೋ ಹಾಗೆ ಅವರಮ್ಮ ಏನು ತಿನ್ಸಿ ಸಾಕಿದ್ಳೋ!”

“ಇದೇ ಸಾರು, ಇದೇ ಬನ್ನು. ನಿಂಗೂ ಅದನ್ನೇ ಹಾಕಿದ್ರು, ಎಲ್ಲ ಹೊಟ್ಟೆಗೇ ಹೋಯ್ತು.”

ಇಬ್ಬರೂ ನಗುತ್ತಾ ತಟ್ಟೆ ಹಿಡಿದು ಕ್ರೀಡಾಂಗಣದ ಕಡೆ ನಡೆದರು. ಗಾಳಿ ಕೊರೆಯುತ್ತಿತ್ತು. ಜೋಲೀನ್ ಜಿಪ್ಪನ್ನು ಪೂರ್ತಿ ಕೆಳಗೆಳೆದು, ಕೋಟನ್ನು ಅಗಲಕ್ಕೆ ತೆರೆದುಕೊಂಡು ಮುಂದೆ ಹೋಗಿ ಎರಡು ಬನ್ನು ಕೇಳಿದಳು.