ಅಪ್ಪನ ಹೆಸರಿನಲ್ಲಿ ಬರುವ ಮೇಲ್

ಪರದೇಶದ ಹ್ಯಾರಿಸನ್ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ರೈಲು ಕಾಯುತ್ತಿದ್ದ ಹಂಸಾಳ ಕಿವಿ, ಪಕ್ಕದಲ್ಲಿ ಕನ್ನಡ ಕೇಳಿದ್ದೇ ನೆಟ್ಟಗಾಯಿತು. ಅಕ್ಕ, ತಮ್ಮ.

“ಇಮೇಲ್ ರೂಲ್ಸ್ ಮಾಡೋ ನಿಮ್ಮ ಕಮಿಟಿ ಮೀಟಿಂಗಲ್ಲಿ ಏನಾಯ್ತಕ್ಕ?”

“ಒಪ್ಕೊಂಡ್ಬಿಟ್ಟೆ ಕಣೋ. ಮೇಲ್ ಅಡ್ರೆಸ್ಸಲ್ಲಿ @ ಆದ್ಮೇಲೆ ಬರುತ್ತಲ್ಲ ಡೊಮೇನ್, ಅದನ್ನ ಯಾರೂ ಕೊಂಡಿಲ್ದೇ ಇದ್ರೂ ಆ ಹೆಸರಲ್ಲಿ ಮೇಲ್ ಬಂದ್ರೆ, ‘ಇದು ಸುಳ್ಳು, ಬಿಸಾಕಿ’ ಅನ್ನೋ ಅಧಿಕಾರ ಡೊಮೇನ್ ಮಾರೋ ರಿಜಿಸ್ಟ್ರಿಯವರಿಗೆ.”

“ಡೊಮೇನ್ ಮಾರೋರನ್ನ ನಂಬಬಾರ್ದು, ಯಾರ್ ಯಾರಿಗೆ ಬರೀತಾರೆ ಅಂತ ಇಣುಕ್ತಾರೆ ಅಂತಿದ್ದೋಳು ನೀನೇ ಅಲ್ವಾ?”

“ಈಗ್ಲೂ ಅಂತೀನಿ. ಅದಕ್ಕೇ ಎಷ್ಟು ಸುಳ್ಳು ಮೇಲ್ ಬಂತು ಅನ್ನೋ ಲೆಕ್ಕ ಅಷ್ಟೇ ಅವರಿಗೆ ಸಿಗೋದು, ಯಾರಿಗೆ ಬಂತು ಅಂತ ತಿಳಿಯಲ್ಲ. ಅಪ್ಪ ಹೋದ್ಮೇಲೆ ಅವರ ಡೊಮೇನ್ ನಾವೇ ಬೇಡ ಅಂತ ಬಿಟ್ವಿ. ಕಳ್ಳರು ಅದೇ ಹೆಸರಲ್ಲಿ ಅಮ್ಮಂಗೆ ಬರೀತಿದಾರೆ. ಸುಳ್ಳು ಅನ್ನೋಕೆ ಇನ್ಯಾರಿದಾರೋ?”

“ಅಮ್ಮಂಗೆ ಹೇಳಿದ್ಯಾ?”

“ಹೇಳ್ದೆ. ‘ಕಳ್ಳರದ್ದು ಅಂತ ನಂಗೂ ಗೊತ್ತು ಕಣೇ’ ಅಂದ್ಲು.”

“ಮತ್ತೆ?”

“ಆಮೇಲೆ ಕೇಳಿದ್ಲು, ‘ಹಂಗಾದ್ರೆ ಇನ್ಮೇಲೆ ನಿಮ್ಮಪ್ಪನ ಹೆಸರು ಬರೋದೇ ಇಲ್ವೇನೇ?’”

ರೈಲು ಬಂತು. ತಮ್ಮ ಅಕ್ಕನ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡ. “ಈ ವೀಕೆಂಡ್ ಮನ್ರೋದಲ್ಲಿರೋ ಅಮ್ಮನ ಮನೆಗೆ ನಾನೇ ಡ್ರೈವ್ ಮಾಡ್ತೀನಿ. ಅಮ್ಮನ ಹತ್ರ ಇರೋಣ.”

ಅವರಿಬ್ಬರೂ ಹತ್ತಿದರು. ಅವರ ಮಾತು ಇನ್ನು ತನ್ನ ಕಿವಿಗೆ ಬೀಳದಿರಲೆಂದು ಹಂಸಾ ಬೇಕೆಂದೇ ಹಿಂದಿನ ಬೋಗಿಗೆ ನಡೆದಳು.