ಮೆಟ್ಟಿಲ ತಿರುವಿನವರೆಗೆ

ಮಧ್ಯಾಹ್ನ ಹಿಡಿದ ಮಳೆ ಬಿಡಲೇ ಇಲ್ಲ. ಸಂಜೆ ಹೊತ್ತಿಗೆ ಕೆಳಗಿನ ಮನೆಗಳಿಗೆ ನೀರು ನುಗ್ಗಿ, ಕರೆಂಟೂ ಹೋಗಿ, ಕಟ್ಟಡದವರೆಲ್ಲ ಚಾಪೆ, ದಿಂಬು, ಫ್ಲಾಸ್ಕು ಹಿಡಿದುಕೊಂಡು ಮೇಲಿನ ಮೆಟ್ಟಿಲುಗಳ ಮೇಲೆ ಬಂದು ಕೂತೆವು. ಕೊನೇ ಮಹಡಿಯ ಅಜ್ಜಿ ಎಂದಿನಂತೆ ತಮ್ಮ ಬಾಗಿಲ ಮುಂದಿನ ಮರದ ಸ್ಟೂಲಿನ ಮೇಲಿದ್ದರು. ಕಿಟಕಿ ಕಟ್ಟೆಯ ಮೇಲೆ ಒಂದು ಮೇಣದ ಬತ್ತಿ ಉರಿಯುತ್ತಿತ್ತು. ನಾನು ಒಂದು ಲೋಟ ಚಹಾ ಬಗ್ಗಿಸಿ ಅವರ ಪಕ್ಕದಲ್ಲಿಟ್ಟೆ.

ನಾನಿಲ್ಲಿಗೆ ಹೊಸಬ. ಅಜ್ಜಿಯ ಬಾಯಲ್ಲಿ ನನ್ನ ಹೆಸರು 'ಕನ್ನಡಕ'. ಕೆಳಗಿನ ಮನೆ ಟೈಲರ್ ಎಷ್ಟೋ ವರ್ಷದಿಂದ ಇಲ್ಲೇ ಇದ್ದರೂ ಅವನಿನ್ನೂ 'ಸೂಜಿ'.

"ಅಲ್ಲಜ್ಜೀ, ನಮಗೂ ಅಪ್ಪ ಅಮ್ಮ ಒಂದು ಹೆಸರು ಅಂತ ಇಟ್ಟಿದಾರೆ. ಒಂದು ದಿನವಾದ್ರೂ ಕರೀಬಾರದಾ?" ಎಂದು ಟೈಲರ್ ಕಿಚಾಯಿಸಿದ.

ಅಜ್ಜಿ ಸೆರಗು ಹೊದ್ದುಕೊಂಡು, ಗಂಟಲು ಸರಿಮಾಡಿಕೊಂಡರು.

"ಕರೆಯಲ್ಲ ಕಣೋ. ಯಾಕೆ ಅಂತ ಹೇಳ್ತೀನಿ, ಆದ್ರೆ ಮಧ್ಯೆ ಬಾಯಿ ಹಾಕಬೇಡಿ. ಸೂಜಿ, ಮುಖ್ಯವಾಗಿ ನೀನು.

ನಮ್ಮ ಮುತ್ತಜ್ಜಿ ಅಂತ ಒಬ್ಬಳಿದ್ದಳು. ಅವಳು ಹೆಸರು ಹಿಡಿದು ಕರೆದ್ರೆ ಸತ್ತೋರು ಎದ್ದು ಬರ್ತಿದ್ರು... ನಗ್ರಪ್ಪ, ನಗಿ, ಹಲ್ಲು ಎಷ್ಟಿವೆ ಅಂತ ನಾನೂ ನೋಡ್ಕೋತೀನಿ. ಒಬ್ಬ ಯಜಮಾನ ಪೆಟ್ಟಿಗೆ ಬೀಗದ ಕೈ ಎಲ್ಲಿಟ್ಟೆ ಅಂತ ಹೇಳದೆ ಸತ್ತುಹೋದನಂತೆ. ಮುತ್ತಜ್ಜಿ ಕರೆದಳು. ಬಂದ, ಕುರ್ಚೀಲಿ ಕೂತ, ಬೀಗದ ಕೈ ಅಕ್ಕಿ ಡಬ್ಬೀಲಿದೆ ಅಂದ, ಅಷ್ಟಕ್ಕೇ ಬಿಡದೆ ಮನೆ ಯಾಕಿಷ್ಟು ಗಲೀಜಾಗಿದೆ ಅಂತ ಹೆಂಡತಿಗೆ ಬೈದ! ಮುತ್ತಜ್ಜಿ, 'ಸಾಕು, ಇನ್ನು ಹೊರಡಿ' ಅಂದಳು. ಎದ್ದು ಹೊರಟುಹೋದ. ಕರೆಯೋದೂ ಅವಳೇ, ಕಳಿಸೋದೂ ಅವಳೇ.

ಅವಳ ಮಗಳು ನಮ್ಮಜ್ಜಿ. ಇವಳು ಕರೆದ್ರೂ ಬರೋರು, ಆದ್ರೆ ಮಾತಿಲ್ಲ ಕತೆಯಿಲ್ಲ, ಸುಮ್ಮನೆ ಕೂತು ಮನೆಯವರ ಮುಖ ನೋಡೋರು. ಆಮೇಲೆ ನಮ್ಮಮ್ಮ... ಅವಳು ಕರೆದ್ರೆ ಯಾರೂ ಕಾಣ್ತಿರಲಿಲ್ಲ, ಕುರ್ಚಿ ಮಾತ್ರ ಕಿರ್ ಅನ್ನೋದು. ವಾಪಸ್ ಕಳಿಸೋಕೆ ಪಾಪ ಎಷ್ಟು ಗೋಗರೆಯೋಳು ಗೊತ್ತಾ? ಹಾಲಿಗೆ ನೀರು ಸೇರಿಸ್ತಾ ಹೋದ್ರೆ ಕೊನೆಗೆ ಏನು ಉಳಿಯುತ್ತೆ ಹೇಳಿ? ನನ್ನ ಪಾಲಿಗೆ ಉಳಿದಿದ್ದು ಮನೆಯ ಕಟ್ಟುಪಾಡು ಒಂದೇ. ಯಾರನ್ನೂ ಹೆಸರು ಹಿಡಿದು ಕರೀಬಾರದು, ಅಷ್ಟೇ.

ನಮ್ಮೋರು ಅಂಗಡಿ ಬೋರ್ಡು ಬರೆಯೋರು. ಸಂಜೆ ಕೆಲಸ ಮುಗಿಸಿ ಬರ್ತಾ, ನೋಡಿ ಆ ಮೆಟ್ಟಿಲ ತಿರುವಲ್ಲಿ... ಕನ್ನಡಕ, ನೀನು ಕೂತಿದೀಯಲ್ಲ, ಅಲ್ಲೇ... ಮಂಡಿ ನೋವು ಅಂತ ನಿಂತು, ಬಣ್ಣದ ಡಬ್ಬಿನ ಕಂಬಿಗೆ ಟಣ್ ಅಂತ ಬಡಿಯೋರು. ಚಹಾಕ್ಕೆ ನೀರಿಡು ಅಂತ ಅರ್ಥ. 'ಲೇ, ಒಂದ್ಸಲ ಹೆಸರು ಹಿಡಿದು ಕರೆಯೇ, ಕೇಳೋಣ' ಅಂತ ಜೀವಮಾನವಿಡೀ ರೇಗಿಸಿದ್ರು. ನಾನು 'ರೀ' ಬಿಟ್ಟು ಇನ್ನೊಂದು ಅನ್ನಲಿಲ್ಲ.

ಹೋಗಿಬಿಟ್ರು. ಎದೆ ನೋವು ಅಂದ್ರು, ಹೋಗಿಬಿಟ್ರು. ಸಂಜೆ ಆದ್ರೆ ಸಾಕು, ಈ ಮನೆ ನನ್ನನ್ನ ತಿನ್ನೋಕೆ ಬರೋದು. ಒಲೆ ಮುಂದೆ ನಿಂತ್ರೆ ಕೈ ತಾನಾಗೇ ಎರಡು ಲೋಟ ಇಡೋದು. ಒಂದು ಸಂಜೆ ತಡೀಲಾರದೆ ಬಾಗಿಲು ತೆಗೆದು, ನನ್ನಲ್ಲೇನೂ ಉಳಿದಿಲ್ಲ, ಕರೆದ್ರೆ ಏನಾಗುತ್ತೆ ಮಹಾ ಅಂದ್ಕೊಂಡು... ಅವರ ಹೆಸರು ಕೂಗಿದೆ.

ಟಣ್ ಅಂತು.

ಆ ತಿರುವಲ್ಲೇ. ಅವರ ಬಣ್ಣದ ಟರ್ಪೆಂಟೈನ್ ವಾಸನೆ ಬಂತು. ಬನ್ನಿ, ಮೇಲೆ ಬನ್ನಿ ಅಂದೆ. ಬರಲಿಲ್ಲ. ನನ್ನ ಕರೆಗೆ ಇದ್ದ ಕಸುವು ಅಲ್ಲೀತನಕ ಮಾತ್ರ! ಹೋಗಲಿ, ಹೊರಡಿ ಅಂದೆ. ಹೋಗೋಕೂ ಆಗಲಿಲ್ಲ. ಕಳಿಸೋ ಮಾತಿಗೆ ಬೇಕಾದ ಶಕ್ತಿ ನಮ್ಮಮ್ಮನ ಜೊತೇನೇ ಮಣ್ಣಾಗಿತ್ತು. ನಿಜ ಹೇಳ್ಲಾ? ನಂಗೆ ಖುಷಿಯೇ ಆಯ್ತು. ಸ್ಟೂಲು ತಂದು ಇಲ್ಲಿ ಹಾಕ್ಕೊಂಡೆ. ದಿನಾ ಸಂಜೆ ಬಟಾಣಿ ಸುಲೀತಾ ಅವರ ಜೊತೆ ಮಾತಾಡೋದು, ಅವರು ಟಣ್ ಅನ್ನೋದು. ಈ ಅಜ್ಜಿಗೆ ತಲೆ ಕೆಟ್ಟಿದೆ ಅಂತ ನೀನೇ ಹೇಳ್ಕೊಂಡು ತಿರುಗ್ತಿದ್ಯಲ್ಲೋ ಸೂಜಿ, ನಂಗೆ ಗೊತ್ತಿಲ್ವಾ? ಬರ್ತಾ ಬರ್ತಾ ಆ ಸದ್ದು ಬೇರೆ ಥರ ಆಯ್ತು. ದಣಿದೋರು ನಿಟ್ಟುಸಿರು ಬಿಟ್ಟ ಹಾಗೆ. ಕೇಳಿಸಿದ್ರೂ ಕೇಳಿಸದೋಳ ಹಾಗೆ ಬಟಾಣಿ ಸುಲಿದೆ ನಾನು.

ನನ್ನ ಮಗಳಿಗೆ ಆ ವಿದ್ಯೆ ಚೂರೂ ಬರಲಿಲ್ಲ. ಊಟಕ್ಕೆ ಕರೆದ್ರೆ ಅವಳ ಗಂಡನೇ ಬರ್ತಿರಲಿಲ್ಲ, ಇನ್ನು ಸತ್ತೋರ ಮಾತೆಲ್ಲಿ! ಸದ್ಯ, ಇಲ್ಲಿಗೆ ಮುಗೀತು ಅಂದ್ಕೊಂಡೆ. ಆದ್ರೆ ಮೊಮ್ಮಗಳು ಹುಟ್ಟಿದಳಲ್ಲ... ಚೋಟುದ್ದ ಇದ್ದಳು, ಮೆಟ್ಟಿಲು ಹತ್ತಿ ಬರ್ತಾ ಆ ತಿರುವಲ್ಲಿ ನಿಂತು ತಲೆ ಎತ್ತಿ ನೋಡಿದಳು. 'ಅಜ್ಜೀ, ಪಾಪ ತಾತಂಗೆ ಕಾಲು ನೋವು. ತಾತಾ, ನೀವು ಹೋಗಿ' ಅಂದಳು. ಬೇಡ ಕಣೇ ಅಂತ ನಾನು ಕೂಗೋದ್ರೊಳಗೆ, ಟಣ್ ಅಂತ ಕೆಳಗಿನ ಮಹಡೀಲಿ ಕೇಳಿಸ್ತು. ಆಮೇಲೆ ಅದರ ಕೆಳಗೆ. ಆಮೇಲೆ ಗೇಟಿನ ಹತ್ತಿರ ಒಂದ್ಸಲ... ಅಷ್ಟೇ. ಕರೆಯೋದು ನಮ್ಮ ಮನೇಲಿ ಸತ್ತುಹೋಯ್ತು, ಬೇರೆ ಏನೋ ಒಂದು ಹುಟ್ಟಿಕೊಳ್ತು. ಇವಳ ಮಾತು ನೀರು ಬೆರೆಸಿದ ಹಾಲಲ್ಲ. ಹೊಸಿಲಲ್ಲಿ ನಿಂತ ಜೀವಕ್ಕೆ ಇವಳು ಏನು ಹೇಳ್ತಾಳೋ ಅದೇ ಆಗುತ್ತೆ. ಆ ದಿನದಿಂದ ನಾನು ಎಷ್ಟು ಕೂಗಿದ್ರೂ ತಿರುವು ಖಾಲಿ.

ಮಗಳೂ ಅಳಿಯನೂ ರಸ್ತೆ ಅಪಘಾತದಲ್ಲಿ ಹೋದ್ರು, ನಿಮಗೆ ಗೊತ್ತಿರೋದೇ. ಈ ಹುಡುಗಿ ಆಸ್ಪತ್ರೆಗೆ ಓಡಿಹೋಗೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಆಮೇಲೆ ಅವಳಿಗೆ ನಾನು, ನನಗೆ ಅವಳು. ಬೆಳಗ್ಗೆ ಬೇಕರಿ ಕೆಲಸಕ್ಕೆ ಹೋಗ್ತಾಳೆ, ಸಂಜೆ ಬರ್ತಾಳೆ, ಯಾರ ಹತ್ತಿರಾನೂ ಮಾತಿಲ್ಲ. ನನ್ನ ಒಂಟಿತನ ಮಾತ್ರ ಒಂದು ಹನೀನೂ ತೆಳ್ಳಗಾಗದೆ ಅವಳಿಗೆ ಬಂದಿದೆ ನೋಡಿ.

ಹೋದ ಮಳೆಗಾಲ ನಾನು ಮಲಗಿಬಿಟ್ಟೆ. ಡಾಕ್ಟ್ರು ಬಂದು ನಾಡಿ ಹಿಡಿದ್ರು, ತಲೆ ಆಡಿಸಿದ್ರು, ಹೊದಿಕೆ ಮುಖದ ಮೇಲೆ ಎಳೆದು ಹೋದ್ರು. ಎಷ್ಟು ಹಗುರ ಆಗಿತ್ತು ಅಂತೀರಿ! ಕೆಳಗೆ ಗೇಟಿನ ಹತ್ತಿರ ಟಣ್ ಅಂತು... ಕರ್ಕೊಂಡು ಹೋಗೋಕೆ ಬಂದಿದ್ರು. ಏಳೋಣ ಅಂತ ಇದ್ದೆ. ಇವಳು ಹೊದಿಕೆ ಸರಿಸಿ, ನನ್ನ ಕೈ ಹಿಡ್ಕೊಂಡು, 'ಅಜ್ಜೀ, ಇರಿ' ಅಂದಳು.

ಇದೀನಿ.

ಯಾರಿಗೂ ಹೇಳಲಿಲ್ಲ ಅವಳು. ಬೆಳಗ್ಗೆ ತಲೆ ಬಾಚಿ ಇಲ್ಲಿ ಕೂರಿಸಿ ಹೋಗ್ತಾಳೆ. ಒಮ್ಮೊಮ್ಮೆ ಎದ್ದು ಇಳೀತೀನಿ. ಆ ತಿರುವಿನ ತನಕ ಬರೋ ಕಾಲು ಮುಂದಕ್ಕೆ ಬರಲ್ಲ. ಅಲ್ಲೇ ನಿಂತು, ಆ ಮನುಷ್ಯನ್ನ ಎಷ್ಟು ವರ್ಷ ಹೀಗೆ ನಿಲ್ಲಿಸಿದ್ದೆ ಅಂತ ಲೆಕ್ಕ ಹಾಕೋಕೆ ಹೋಗಿ ಬಿಟ್ಟುಬಿಡ್ತೀನಿ. ಬೈಯೋಣ ಅಂದ್ರೆ ಯಾವ ಬಾಯಿಂದ ಬೈಯಲಿ? ಬೇಡ್ಕೊಂಡ್ರೆ, 'ಇನ್ನೊಂದು ದಿನ ಇರಿ ಅಜ್ಜೀ' ಅಂತಾಳೆ. ದಿನಾ ಅದೇ ಅಂತಾಳೆ.

ಚಹಾ ಕೆನೆ ಕಟ್ಟಿದ್ರೂ ಈ ಮುದುಕಿ ಯಾಕೆ ಮುಟ್ಟಿಲ್ಲ ಅಂತ ಆಗಿನಿಂದ ನೋಡ್ತಿದೀಯಲ್ಲ ಕನ್ನಡಕ, ಅದಕ್ಕೇ ಕಣಪ್ಪ. ಬೇಸರ ಮಾಡ್ಕೋಬೇಡ, ಚೆನ್ನಾಗೇ ಮಾಡಿರ್ತೀಯ.

ಶ್... ಕೇಳಿಸ್ತಾ? ಕೆಳಗೆ, ಗೇಟಿನ ಹತ್ತಿರ... ಟಣ್ ಅಂತು. ಈ ಮಳೇಲೂ ಬಂದು ನಿಂತಿದಾರೆ. ಅವಳೂ ಈಗ ಬರೋ ಹೊತ್ತು. ನಾನು ಹೇಳಿದ್ರೆ ಕೇಳಲ್ಲ ಕಣ್ರಪ್ಪ, ನಿಮ್ಮಲ್ಲಿ ಯಾರಾದ್ರೂ ಒಂದು ಮಾತು ಹೇಳಿ. ಅಜ್ಜಿನ ಬಿಟ್ಟುಬಿಡಮ್ಮ ಅಂತ ಹೇಳಿ."