ಹಂದಿಗೆ ಹಾಕಿದ ಹೊಟ್ಟು

ತೌಡಲ್ಲವ್ವ, ತೌಡು ಎಲ್ಲಿಂದ ಬರಬೇಕು, ಹೊಟ್ಟು. ತೊಗರಿ ಹೊಟ್ಟು, ಶೇಂಗಾ ಸಿಪ್ಪೆ, ಅದನ್ನ ಒಳಕಲ್ಲಾಗೆ ಕುಟ್ಟಿ ಹಿಂದಿನ ದಿನಾನೇ ನೆನೆ ಹಾಕಾದು. ಜರ್ಮನಿ ಯುದ್ಧದ ಕಾಲ, ಕಾಳೆಲ್ಲ ಕಂಟ್ರೋಲು. ನಿಮ್ಮಜ್ಜ ಜಗಳೂರಿನ ಕಂಟ್ರೋಲ್ ಅಂಗಡಿಗೆ ಬೆಳಿಗ್ಗೆ ಹೋದ್ರೆ ಸಂಜಿಗೆ ಬರಾರು, ಚೀಲದ ತಳದಾಗೆ ಇಷ್ಟು ಹುಳುಕು ಜೋಳ. ಮನ್ಯಾಗೆ ಬಸುರೇರು ಇಬ್ರು. ನಾನೊಬ್ಳು, ಹಂದಿ ಒಂದು. ನಗಬ್ಯಾಡ್ರೋ, ನಮ್ಮ ಕೇರ್ಯಾಗೆ ಗಬ್ಬದ ಹಂದಿಗೂ ಕುಂಕುಮ ಹಚ್ಚಿ ಬಯಕೆ ಊಟ ಇಡ್ತಿದ್ರು. ಅದರ ಮರಿ ಕೊಟ್ಟು ಜೋಳ ತಂದು ನನ್ನ ಬಾಣಂತನ ಮಾಡಬೇಕು ಅಂತ ನಮ್ಮತ್ತೆ ಮನಸ್ನಾಗೆ ಇತ್ತು. ಆ ಹಂದಿನೋ, ಹಸಿದ್ರೆ ನಿಂತಲ್ಲಿ ನಿಲ್ತಿರಲಿಲ್ಲ. ಗೂಡಿನ ಕಟ್ಟಿಗೆ ಕಡಿಯಾದು, ಒದರಾದು. ಹೊಟ್ಟು ಹಾಕಾಕೆ ಸುರು ಮಾಡಿದ ಮೇಲೆ ನೋಡು, ತಣ್ಣಗೆ ಮಲಗ್ತು. ಮೈನೂ ಇಳೀಲಿಲ್ಲ. "ನೋಡೇ, ಹೆಂಗೆ ನಿದ್ದಿ ಹೊಡೀತೈತೆ!" ಅಂತ ಅತ್ತೆಗೆ ಖುಷಿ. ಆ ಖುಷಿಯಾಗೇ ನನ್ನ ರೊಟ್ಟಿ ಹಿಟ್ಟಿಗೂ ಅದೇ ತೊಗರಿ ಹೊಟ್ಟು ಸಣ್ಣಗೆ ಬೀಸಿ ಬೆರೆಸಿದ್ಲು.

ಕೆಟ್ಟಾಕಿ ಅಲ್ಲ ಮತ್ತೆ, ಹಂಗೆ ತಿಳಕಬ್ಯಾಡ್ರಿ. ತಾನು ಬರೇ ಅಂಬಲಿ ನೀರು ಕುಡಿದು ನನಗೆ ರೊಟ್ಟಿ ಹಾಕಿದಾಕಿ. "ಹೊಟ್ಟೆ ತುಂಬ್ತೇನವ್ವ?" ಅನ್ನಾಕಿ. "ತುಂಬ್ತೈತೆ ಅತ್ತೆ" ಅಂತಿದ್ದೆ. ಸುಳ್ಳಲ್ಲ, ತುಂಬ್ತಿತ್ತು, ಕಲ್ಲು ಇಟ್ಟಂಗೆ ಆಗ್ತಿತ್ತು. ಗ್ವಾಡಿಗೆ ಮುಖ ಮಾಡಿ ಸುಮ್ನೆ ಮಲಗ್ತಿದ್ದೆ. ಅಳಬೇಕು ಅಂತಾನೂ ಅನ್ನಿಸ್ತಿರಲಿಲ್ಲ. ಕೂಸು ಒದಿಯಾದು ಕಮ್ಮಿ ಆತು. ಹೇಳಿದ್ರೆ ಅತ್ತೆ, "ಅದೂ ಹೊಟ್ಟೆ ತುಂಬಿ ಮಲಗೈತೆ ಬಿಡು" ಅಂದ್ಲು. ಹಂದಿ ಮರಿ ಹಾಕ್ತು. ಒಂದೂ ಸಾಯಲಿಲ್ಲ, ಎಲ್ಲಾವೂ ಗುಂಡುಗುಂಡಗೆ ಇದ್ವು. ಅವು ಹಾಲು ಬಿಡೋ ಹೊತ್ತಿಗೆ ನನಗೆ ಬ್ಯಾನೆ ಬಂತು. ಇಷ್ಟೇ ಇಷ್ಟು ಕೂಸು, ಗಂಡು. ಅಲ್ಲ, ಹೆಣ್ಣು, ಗಂಡು ಆಮೇಲಿಂದು, ನಿಮ್ಮಪ್ಪ. ಅಳಲಿಲ್ಲ ಆ ಹೆಣ್ಣು ಕೂಸು. ಸೂಲಗಿತ್ತಿ ಬೆನ್ನು ತಟ್ಟಿದ್ಲು, ತಟ್ಟಿದ್ಲು, ಆಮೇಲೆ ಬಟ್ಟೆ ಸುತ್ತಿ ಅತ್ತೆ ಕೈಯಾಗೆ ಕೊಟ್ಲು. ಅತ್ತೆ ನೆಲಕ್ಕೆ ಕುಂತುಬಿಟ್ಲು. ನನಗೆ ದುಃಖ ಆತಾ ಅಂತ ಕೇಳ್ತಿ, ಗೊತ್ತಿಲ್ಲವ್ವ, ಏನೂ ಆಗಲಿಲ್ಲ. ಮರಿ ಕೊಟ್ಟು ತಂದ ಜೋಳದಾಗೆ ಅತ್ತೆ ರೊಟ್ಟಿ ಮಾಡಿ ಮುಂದಿಟ್ಲು, ಅಪ್ಪಟ ಜೋಳದ ರೊಟ್ಟಿ. ತಿಂದೆ. ಎಲ್ಲಾ ತಿಂದೆ. ಅದಕ್ಕೇ ಹೇಳಾದು, ಬಸುರಿ ಹೆಂಗಸು ಸುಮ್ನೆ ಮಲಗ್ಯಾಳೆ ಅಂದ್ರೆ ಸುಖವಾಗ್ಯಾಳೆ ಅನ್ಕಬ್ಯಾಡ್ರಿ. ಎಬ್ಬಿಸಿ ಏನುಂಡೆ ಅಂತ ಕೇಳ್ರಿ.